ಮಿಸ್ಸಿಂಗ್ ಹೊಡೆಯುವ ಓಮ್ನಿಗೆ ಮಾವನ ಕಿವಿಮಾತು

ಅಳಿಯ, ಸೇಲಂ ಬಳಿಯ ತಾರಮಂಗಲದಿಂದ ಬೆಂಗಳೂರಿನ ಚಿಕ್ಕಪೇಟೆಗೆ ಸೀರೆ ಗಂಟು ಸಾಗಿಸಲು ಎರಡು ಲಕ್ಷ ಕಿಲೋಮೀಟರ್ ದಾಟಿದ ಓಮ್ನಿ ಕೊಂಡಿದ್ದೀಯ. ಅದಕ್ಕೆ ನನ್ನ ತಕರಾರಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಅನ್ನುವ ಹೆಸರಲ್ಲಿ ಬಂದು 2019ರವರೆಗೆ ತಯಾರಾದ ಗಾಡಿ ಅದು. 796 ಸಿಸಿ, ಮೂರು ಸಿಲಿಂಡರ್. ಅದರ ಸಾಮಾನು ಸಿಗದ ಊರಿಲ್ಲ, ಅದನ್ನು ಬಿಚ್ಚಲು ಬಾರದ ಮೆಕ್ಯಾನಿಕ್ಕಿಲ್ಲ. ನನ್ನ ತಕರಾರು ಬೇರೆ. ಮಿಸ್ಸಿಂಗ್ ಹೊಡೆಯುತ್ತದೆಂದು, ಅಂದರೆ ಸಿಲಿಂಡರ್ ಸರಿಯಾಗಿ ಉರಿಯದೆ ಇಂಜಿನ್ ಲಯ ತಪ್ಪುತ್ತದೆಂದು, ಮೊದಲು ಪ್ಲಗ್ ಹೊಸದು ಹಾಕಿಸಿದೆ, ಆಮೇಲೆ ಪ್ಲಗ್ ವೈರ್, ಆಮೇಲೆ ಕಾಯಿಲ್. ಈಗ ಕಾರ್ಬುರೇಟರ್ ಬದಲಾಯಿಸಬೇಕಂತೆ. ಅಲ್ಲೇ ನಿಲ್ಲು. ಮಗ್ಗದಲ್ಲಿ ಒಂದು ಎಳೆ ಕಡಿದರೆ ಯಾವ ಎಳೆ ಎಂದು ಹುಡುಕಿ ಗಂಟು ಹಾಕುತ್ತೇವೆಯೇ ಹೊರತು ಯಾರೂ ಹಾಸನ್ನೇ ಬಿಚ್ಚಿ ಎಸೆಯುವುದಿಲ್ಲ. ಗಾಡಿಗೂ ಮೊದಲು ಹುಡುಕಾಟ, ಆಮೇಲೆ ಖರ್ಚು. ಹುಡುಕುವುದು ಹೇಗೆಂದು ಕೆಳಗೆ ಬರೆದಿದ್ದೇನೆ. ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು, ದುಬಾರಿಯವು ಕೊನೆಗೆ.

• ಅದು ಮಿಸ್ಸಿಂಗೇ ಹೌದೋ ಎಂದು ಮೊದಲು ಖಚಿತ ಮಾಡಿಕೋ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗಿದೆ, ತಿರುಗುವ ಬಲ ಹೋಗುವುದು ಹಿಂದಿನ ಚಕ್ರಕ್ಕೆ. ನಡುವಿನ ಶಾಫ್ಟಿನ ಕ್ರಾಸ್ ಸವೆದರೂ, ಕ್ಲಚ್ ಹಿಡಿದು ಬಿಟ್ಟು ಮಾಡಿದರೂ, ಇಂಜಿನ್ ಮೌಂಟಿಂಗಿನ ರಬ್ಬರ್ ಹರಿದರೂ ಗಾಡಿ ಕುಲುಕುತ್ತದೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಸ್ವಲ್ಪ ಆಕ್ಸಿಲರೇಟರ್ ಕೊಡು. ನಿಂತಲ್ಲೂ ಲಯ ತಪ್ಪಿದರೆ ಇಂಜಿನ್ನಿನದೇ ತೊಂದರೆ. ಓಡುವಾಗ ಮಾತ್ರ ಕುಲುಕಿದರೆ ಶಾಫ್ಟ್, ಕ್ಲಚ್ ಕಡೆಯೂ ನೋಡು. ಆದರೆ ಲೋಡಿನಲ್ಲಿ ಮಾತ್ರ ಬರುವ ಮಿಸ್ಸಿಂಗೂ ಉಂಟು, ಅದನ್ನು ಮುಂದೆ ಹೇಳುತ್ತೇನೆ.

• ಯಾವಾಗ ಹೊಡೆಯುತ್ತದೆ ಎಂದು ಬರೆದಿಡು. ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಐಡಲಿಂಗ್‌ನಲ್ಲೋ, ಏರಿನಲ್ಲೋ? ಮಳೆ ಬಂದ ದಿನವೋ? ಪೆಟ್ರೋಲ್ ಹಾಕಿಸಿದ ಮರುದಿನವೋ? ಮೆಕ್ಯಾನಿಕ್ ಹತ್ತಿರ ಹೋಗಿ "ಗಾಡಿ ಸರಿಯಿಲ್ಲ" ಅಂದರೆ ಅವನು ತನಗೆ ಸುಲಭವಾದದ್ದನ್ನು ಬಿಚ್ಚುತ್ತಾನೆ. "ತಣ್ಣಗಿದ್ದಾಗ ಚೆನ್ನಾಗಿದೆ, ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಹೊಡೆಯುತ್ತದೆ" ಅಂದರೆ ಅರ್ಧ ಕೆಲಸ ಮುಗಿದಂತೆ.

• ಈ ಇಂಜಿನ್ನಿನಲ್ಲಿ ಬೆಂಕಿ ಹೊತ್ತುವ ಸರದಿ 1, 3, 2. ಟೈಮಿಂಗ್ ಬೆಲ್ಟ್ ಇರುವ ಕಡೆಯದು 1ನೆಯ ಸಿಲಿಂಡರ್. ನಿಮಿಷಕ್ಕೆ 900 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರ್ 450 ಸಲ ಉರಿಯಬೇಕು. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಂದು ಸತ್ತರೆ ಕಾಲು ಪಾಲು ಹೋಗುತ್ತದೆ, ಇಲ್ಲಿ ಮೂರರಲ್ಲೊಂದು. ಸೀಟೇ ನಡುಗುತ್ತದೆ. ವೈರ್ ಬಿಚ್ಚಿದವರು ಸರದಿ ತಪ್ಪಿಸಿ ಹಾಕಿದ್ದರೂ ಹೀಗೇ ಆಗುತ್ತದೆ. ಆದ್ದರಿಂದ ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೋ.

• ಈಗ ಮುಖ್ಯವಾದ ಪ್ರಶ್ನೆ: ಮೂರರಲ್ಲಿ ಸತ್ತಿರುವುದು ಯಾವುದು? ಇದು ಗೊತ್ತಾಗದೆ ಒಂದು ಸ್ಕ್ರೂ ಕೂಡ ಮುಟ್ಟಬೇಡ. ಇಂಜಿನ್ ಆಫ್ ಮಾಡಿ 1ನೆಯ ಪ್ಲಗ್ಗಿನ ವೈರ್ ಕಿತ್ತು, ಅದರ ತುದಿಗೆ ಒಂದು ಹಳೆಯ ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹದ ಮೈ ಇಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ವೈರಿನಿಂದ ಕಟ್ಟು. ಸ್ಟಾರ್ಟ್ ಮಾಡು. ಮೊದಲಿಗಿಂತ ಇಂಜಿನ್ ಇನ್ನೂ ಕುಗ್ಗಿ ನಡುಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸ ಕಾಣದಿದ್ದರೆ ಅದೇ ಸೋಮಾರಿ. ಆಫ್ ಮಾಡಿ ಮುಂದಿನದಕ್ಕೆ ಹೋಗು. ಓಡುತ್ತಿರುವಾಗಲೇ ಬರಿಗೈಯಲ್ಲಿ ವೈರ್ ಕೀಳುವ ಶೂರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಲ್ಲಿ ಹರಿಯುವುದು ಹತ್ತು ಸಾವಿರ ವೋಲ್ಟಿಗೂ ಮೀರಿದ ಕರೆಂಟು. ಹೃದಯದ ತೊಂದರೆ ಇರುವವರಂತೂ ಹತ್ತಿರವೂ ನಿಲ್ಲಬಾರದು. ವೈರನ್ನು ಗಾಳಿಯಲ್ಲಿ ತೂಗಬಿಟ್ಟರೆ ಕಾಯಿಲ್ ಹಾಳಾಗುವ ಸಂಭವವೂ ಇದೆ. ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಎಂಪಿಎಫ್‌ಐ ಗಾಡಿಯಾದರೆ ಪ್ಲಗ್ ವೈರಿಗೆ ಹೋಗಬೇಡ, ಇಂಜೆಕ್ಟರಿನ ಕಪ್ಲರ್ ಒಂದೊಂದಾಗಿ ಕಿತ್ತು ನೋಡು. ಉರಿಯದ ಪೆಟ್ರೋಲ್ ಸೈಲೆನ್ಸರಿನ ಕಡೆಗೆ ಹೋದರೆ ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ.

• ಇನ್ನೂ ಸುಲಭದ ದಾರಿಯೊಂದಿದೆ. ಬೆಳಿಗ್ಗೆ ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿ, ಒಂದು ನಿಮಿಷದೊಳಗೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೂರು ಕೊಳವೆಗಳ ಮೇಲೂ ಒಂದೊಂದು ಹನಿ ನೀರು ಬಿಡು. ಎರಡರ ಮೇಲೆ ಚುರ್ ಎಂದು ಆವಿಯಾಗಿ ಒಂದರ ಮೇಲೆ ಸುಮ್ಮನೆ ಹರಿದರೆ, ಅದೇ ಉರಿಯದ ಸಿಲಿಂಡರ್. ಈ ಕೆಲಸವನ್ನೆಲ್ಲ ಬಯಲಲ್ಲಿ ಮಾಡು. ಮಗ್ಗದ ಮನೆಯೊಳಗೆ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡ. ಆ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಿರುತ್ತದೆ.

• ಸೋಮಾರಿ ಸಿಕ್ಕಿದನೋ? ಅಂಗಡಿಗೆ ಓಡಬೇಡ, ಅದಲುಬದಲು ಮಾಡು. 2ನೆಯದು ಸತ್ತಿದ್ದರೆ ಅದರ ಪ್ಲಗ್ಗನ್ನು 3ಕ್ಕೆ ಹಾಕಿ 3ರದನ್ನು 2ಕ್ಕೆ ಹಾಕು. ತೊಂದರೆ 3ಕ್ಕೆ ಹೋದರೆ ಪ್ಲಗ್ ಕೆಟ್ಟಿದೆ. ಹೋಗದಿದ್ದರೆ, ಉದ್ದ ಸಾಕಾದರೆ ವೈರನ್ನು ಹೀಗೇ ಬದಲಿಸು. ಅದೂ ಹೋಗದೆ ತೊಂದರೆ 2ರಲ್ಲೇ ಕೂತಿದ್ದರೆ ಕರೆಂಟಿನ ಮೇಲಿನ ಅನುಮಾನ ಮುಕ್ಕಾಲು ಪಾಲು ಮುಗಿಯಿತು. ನೀನು ಇಷ್ಟು ಮಾಡಿದ್ದರೆ ಕಾಯಿಲಿಗೆ ಕೊಟ್ಟ ದುಡ್ಡು ಉಳಿಯುತ್ತಿತ್ತು. ಮೂರು ಸಿಲಿಂಡರಿಗೂ ಇರುವುದು ಒಂದೇ ಕಾಯಿಲ್. ಅದು ಕೆಟ್ಟರೆ ಮೂರೂ ತಪ್ಪುತ್ತವೆ, ಒಂದನ್ನೇ ಆರಿಸಿ ಕಾಡುವುದಿಲ್ಲ.

• ಕಿತ್ತ ಪ್ಲಗ್ಗಿನ ಮೂತಿ ನೋಡು. ಕಂದು ಬಣ್ಣ, ಒಣಗಿದ್ದರೆ ಕ್ಷೇಮ. ಒಣ ಕಪ್ಪು ಮಸಿಯಾದರೆ ಪೆಟ್ರೋಲ್ ಜಾಸ್ತಿ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಿಡಿ ಬರುತ್ತಿಲ್ಲ. ಎಣ್ಣೆ ಜಿಡ್ಡಾದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಬೂದಿ ಬಿಳುಪಾಗಿ ಸುಟ್ಟಂತಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪಿಂಗಾಣಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಕರೆಂಟು ಹೊರಗಿಂದಲೇ ಹಾರಿಹೋಗುತ್ತಿದೆ. ಅಂಥದ್ದನ್ನು ಉಜ್ಜಿ ವಾಪಸ್ ಹಾಕಬೇಡ, ಎಸೆ. ಹೊಸದು ಕೊಳ್ಳುವಾಗ ಮ್ಯಾನ್ಯುಯಲ್‌ನಲ್ಲಿ ಹೇಳಿದ ನಂಬರನ್ನೇ ಕೇಳು, ಗ್ಯಾಪನ್ನು ಫೀಲರ್ ಗೇಜಿನಿಂದ ಅಳೆ. ಎದುರು ಅಂಗಡಿಗಿಂತ ಅರ್ಧ ಬೆಲೆಗೆ ಸಿಗುವ ಪ್ಲಗ್ ನಕಲಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

• ಅಮಾವಾಸ್ಯೆ ರಾತ್ರಿ ದೆವ್ವ ನೋಡುವವರು ನೋಡಲಿ, ನೀನು ಪ್ಲಗ್ ವೈರ್ ನೋಡು. ಕತ್ತಲಲ್ಲಿ ಸೀಟು ಎತ್ತಿ ಇಂಜಿನ್ ಓಡಿಸಿ, ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಮಂಜಿನಂತೆ ನೀರು ಸಿಂಪಡಿಸು. ಸೀಳಿದ ವೈರಾದರೆ ನೀಲಿ ಕಿಡಿ ಪಕ್ಕದ ಕಬ್ಬಿಣಕ್ಕೆ ಹಾರುವುದು ಕಣ್ಣಿಗೇ ಕಾಣುತ್ತದೆ. ಮಲ್ಟಿಮೀಟರ್ ಇದ್ದರೆ ಪ್ರತಿ ವೈರಿನ ಓಮ್ ಅಳೆ. ಸಾವಿರಗಳಲ್ಲಿ ಬರುತ್ತದೆ, ಉದ್ದದ ವೈರಿಗೆ ಸ್ವಲ್ಪ ಜಾಸ್ತಿ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ.

• ಐಪ್ಪಸಿ, ಕಾರ್ತಿಕ ತಿಂಗಳುಗಳ ಮಳೆಯಲ್ಲಿ ಮಾತ್ರ ಹೊಡೆಯುವ ಗಾಡಿಯಾದರೆ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆ. ಒಳಗೆ ತೇವ, ಸೀಳು, ಮಸಿಗೆರೆ, ಸವೆದ ರೋಟರ್ ಇವೇ ಸಿಗುತ್ತವೆ. ಒಣ ಬಟ್ಟೆಯಲ್ಲಿ ಒರೆಸಿದ ಕೂಡಲೇ ಸರಿಹೋದರೆ ಖುಷಿಪಡಬೇಡ, ಸೀಳು ಒಳಗಿದ್ದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಪಾಯಿಂಟ್ ಇರುವ ತೀರ ಹಳೆಯ ಮಾಡೆಲ್ ಆದರೆ ಪಾಯಿಂಟಿನ ಗ್ಯಾಪ್, ಕಂಡೆನ್ಸರ್ ಎರಡನ್ನೂ ನೋಡು.

• ಕಿಡಿ ಸರಿಯಿದ್ದು ಐಡಲಿಂಗ್‌ನಲ್ಲಿ ಮಾತ್ರ ಹೊಡೆದರೆ, ಆಕ್ಸಿಲರೇಟರ್ ಕೊಟ್ಟ ಕೂಡಲೇ ನೆಟ್ಟಗಾದರೆ, ಕಳ್ಳಗಾಳಿಯನ್ನು ಹುಡುಕು. ಕಾರ್ಬುರೇಟರ್ ಕೆಳಗಿನ ಪ್ಯಾಕಿಂಗ್, ಮ್ಯಾನಿಫೋಲ್ಡಿನ ಪ್ಯಾಕಿಂಗ್, ಬ್ರೇಕ್ ಬೂಸ್ಟರಿಗೆ ಹೋಗುವ ಪೈಪು, ಸಣ್ಣ ರಬ್ಬರ್ ಪೈಪುಗಳು. ನಮ್ಮ ಸೇಲಂ ಬಿಸಿಲಿಗೆ ಮತ್ತು ಸೀಟಿನ ಕೆಳಗಿನ ಕಾವಿಗೆ ರಬ್ಬರ್ ಬೇಗ ಗಟ್ಟಿಯಾಗಿ ಬಿರಿಯುತ್ತದೆ. ಜೋಡಣೆಗಳ ಮೇಲೆ ನೀರು ಸಿಂಪಡಿಸು. ಸೋರುವಲ್ಲಿ ನೀರು ಒಳಗೆಳೆದು ಇಂಜಿನ್ನಿನ ಸದ್ದು ಒಂದು ಗಳಿಗೆ ಬದಲಾಗುತ್ತದೆ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಪಕ್ಕದಲ್ಲೇ ಕಾದ ಎಕ್ಸಾಸ್ಟ್, ಮೇಲೆ ಸೀಟಿನ ಸ್ಪಂಜು, ಹಿಂದೆ ಸೀರೆ ಗಂಟು. ನಿನ್ನ ಕಣ್ಣೆದುರು ಯಾರಾದರೂ ಹಾಗೆ ಮಾಡಹೋದರೆ ಕೈಹಿಡಿದು ನಿಲ್ಲಿಸು.

• ಪೆಟ್ರೋಲಿನ ಮಾತು. ಈಗ ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಹಳೆಯ ಪೆಟ್ರೋಲಿಗೆಂದು ಜೆಟ್ ಕೊರೆದ ಕಾರ್ಬುರೇಟರಿಗೆ ಇದು ಗೊತ್ತಿಲ್ಲ. ಅದು ಮೊದಲಿನಷ್ಟೇ ಗಾಳಿ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ. ಮೊದಲೇ ಕಳ್ಳಗಾಳಿ ಇರುವ ಇಂಜಿನ್ನಿಗೆ ಇದೂ ಸೇರಿದರೆ ಬೆಳಗಿನ ಹೊತ್ತು ಮಿಸ್ಸಿಂಗ್ ಹೊಡೆಯದೆ ಇನ್ನೇನು? ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆಯನ್ನೂ ಅದು ಕಿತ್ತು ತರುತ್ತದೆ. ಆದ್ದರಿಂದ ಫಿಲ್ಟರ್ ಬೇಗ ಬದಲಿಸು, ರಬ್ಬರ್ ಪೈಪು ಮೆತ್ತಗಾಗಿ ಉಬ್ಬಿದೆಯಾ ನೋಡು, ಗಾಡಿಯನ್ನು ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡ. ಫ್ಲೋಟ್ ಚೇಂಬರಿನಿಂದ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ಹತ್ತು ನಿಮಿಷ ಬಿಟ್ಟರೆ ತಳದಲ್ಲಿ ನೀರು ಬೇರೆಯಾಗಿ ಕಾಣುತ್ತದೆ.

• ಕಾರ್ಬುರೇಟರ್ ಟ್ಯೂನ್ ಮಾಡಿಸುವಾಗ ಎಲ್ಲಿ ಓಡಿಸುತ್ತೀ ಎಂದು ಹೇಳು. ಸೇಲಂ ಇರುವುದು ಸಮುದ್ರಮಟ್ಟದಿಂದ ಸುಮಾರು 280 ಮೀಟರ್ ಎತ್ತರದಲ್ಲಿ, ಬೆಂಗಳೂರು 900ಕ್ಕಿಂತ ಮೇಲೆ. ಅಲ್ಲಿ ಗಾಳಿ ತೆಳು. ಇಲ್ಲಿ ಸರಿಯಾಗಿದ್ದ ಮಿಶ್ರಣ ಅಲ್ಲಿ ಸ್ವಲ್ಪ ದಟ್ಟವಾಗಿ ಪ್ಲಗ್ ಕಪ್ಪಾಗುತ್ತದೆ. ಚಿಕ್ಕಪೇಟೆಯ ಗಲ್ಲಿಯಲ್ಲಿ ಐಡಲಿಂಗ್ ಒಂಚೂರು ಒರಟಾದರೆ ಅದಕ್ಕಾಗಿ ಸ್ಕ್ರೂ ತಿರುಗಿಸಬೇಡ.

• ಇಷ್ಟಾದರೂ ಸರಿಹೋಗಲಿಲ್ಲವೆಂದರೆ ಕಂಪ್ರೆಶನ್ ಪರೀಕ್ಷೆ. ಎರಡು ಲಕ್ಷ ಓಡಿದ ಗಾಡಿಗೆ ನಾನಾಗಿದ್ದರೆ ಹೊಸ ಸಾಮಾನು ಒಂದೂ ಕೊಳ್ಳುವ ಮೊದಲೇ ಇದನ್ನು ಮಾಡಿಸುತ್ತಿದ್ದೆ. ಇಂಜಿನ್ ಬಿಸಿ ಮಾಡಿ, ಮೂರು ಪ್ಲಗ್ಗೂ ತೆಗೆದು, ಕಾಯಿಲಿನ ಮತ್ತು ಪೆಟ್ರೋಲಿನ ಸಂಪರ್ಕ ಕಿತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಗೇಜ್ ಹಚ್ಚಿ ಸೆಲ್ಫ್ ಹೊಡೆ. ಬ್ಯಾಟರಿ ಗಟ್ಟಿಯಿರಬೇಕು. ಅಂಕಿ ಎಷ್ಟು ಬಂತು ಅನ್ನುವುದಕ್ಕಿಂತ ಮೂರೂ ಒಂದಕ್ಕೊಂದು ಹತ್ತಿರವಿವೆಯಾ ಅನ್ನುವುದು ಮುಖ್ಯ. ನೂರಕ್ಕೆ 10–15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಅಲ್ಲಿದೆ. ಆಮೇಲೆ ಕಡಿಮೆ ಬಂದದ್ದರ ಒಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆ. ಅಂಕಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ, ಎಣ್ಣೆ ಆ ಸಂದನ್ನು ಮುಚ್ಚಿತು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಪ್ಯಾಕಿಂಗ್. ಅಕ್ಕಪಕ್ಕದ ಎರಡೂ ಒಟ್ಟಿಗೆ ಕಡಿಮೆಯಾದರೆ ಅವುಗಳ ನಡುವಿನ ಹೆಡ್ ಪ್ಯಾಕಿಂಗ್ ಮೇಲೆ ನನ್ನ ಅನುಮಾನ. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದೆಯಾ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆಯಾ ನೋಡು. ಮೂರೂ ಒಂದೇ ಸಮ ಕಡಿಮೆಯಾದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಿಗಿದಿರಬಹುದು. ಇಂಜಿನ್ ಬೋರ್ ಮಾಡಿಸಲು ಕೊಡುವ ಮೊದಲು ಬೆಲ್ಟಿನ ಟೈಮಿಂಗ್ ಗುರುತು ನೋಡಿಸು.

• ಗೇಜ್ ಇಲ್ಲದ ಕಾಲದ ಒಂದು ಉಪಾಯ. ಐಡಲಿಂಗ್‌ನಲ್ಲಿ ಸೈಲೆನ್ಸರ್ ಬಾಯಿಗೆ ಒಂದು ಹಾಳೆ ನ್ಯೂಸ್ ಪೇಪರ್ ಹಿಡಿ. ಒಂದೇ ಸಮನೆ ಹೊರಗೆ ಹಾರುತ್ತಿದ್ದರೆ ಸರಿ. ಆಗಾಗ ಒಳಕ್ಕೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಸುಟ್ಟಿರುವ ಸಂಭವವಿದೆ.

• ಟ್ಯಾಪೆಟ್ ಸದ್ದಿಗೆ ಎಲ್ಲರೂ ಹೆದರುತ್ತಾರೆ. ನಾನು ಹೆದರುವುದು ಸದ್ದೇ ಇಲ್ಲದ ಹಳೆಯ ಟ್ಯಾಪೆಟ್ಟಿಗೆ. ವಾಲ್ವ್ ಸೀಟು ಸವೆದಂತೆ ವಾಲ್ವ್ ಮೇಲಕ್ಕೆ ಸರಿದು ಸಂದು ಕಡಿಮೆಯಾಗುತ್ತದೆ, ಸದ್ದು ನಿಲ್ಲುತ್ತದೆ, ಮಾಲೀಕ ಇಂಜಿನ್ ಸೂಪರ್ ಎನ್ನುತ್ತಾನೆ. ವಾಲ್ವ್ ಪೂರ್ತಿ ಮುಚ್ಚದೆ ಬೆಂಕಿ ಅದರ ಅಂಚಿನಲ್ಲಿ ನುಗ್ಗಿ ಸುಡುತ್ತಿರುತ್ತದೆ. ಗ್ಯಾಸ್ ಕಿಟ್ ಇರುವ ಓಮ್ನಿಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಗ್ಯಾಸ್ ಒಣ ಇಂಧನ, ಸೀಟಿಗೆ ಪೆಟ್ರೋಲಿನಂತೆ ತಂಪು ಕೊಡುವುದಿಲ್ಲ. ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಒಂದೇ ಸಿಲಿಂಡರ್ ತಪ್ಪುವ ಗ್ಯಾಸ್ ಗಾಡಿ ಬಂದರೆ ನನ್ನ ಕೈ ಮೊದಲು ಹೋಗುವುದು ಫೀಲರ್ ಗೇಜಿಗೆ. ಟ್ಯಾಪೆಟ್ ಸೆಟ್ ಮಾಡಿಸಲು ಆಗುವ ಖರ್ಚು ಹೆಡ್ ಇಳಿಸುವುದರ ಮುಂದೆ ಏನೂ ಅಲ್ಲ. ಗ್ಯಾಸಿನಲ್ಲಿ ಹೊಡೆದು ಪೆಟ್ರೋಲಿಗೆ ತಿರುಗಿಸಿದರೆ ಸರಿಹೋಗುವುದಾದರೆ ಮಾತ್ರ ಕಿಟ್ಟಿನ ಕಡೆ ಹೋಗು.

• ಲೋಡಿನ ಮಿಸ್ಸಿಂಗ್ ಎಂದೆನಲ್ಲ, ಅದಕ್ಕೆ ನಮಗೆ ಪುಕ್ಕಟೆಯಾಗಿ ತೊಪ್ಪೂರು ಕಣಿವೆ ಇದೆ. ಓಮಲೂರು ದಾಟಿ ಧರ್ಮಪುರಿ ಕಡೆಗೆ ಏರುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚುತ್ತದೆ, ಅಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕು. ಊರೊಳಗೆ ಚೆನ್ನಾಗಿ ಓಡುವ ಗಾಡಿ ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಜರ್ಕ್ ಹೊಡೆದರೆ ಪ್ಲಗ್ ಗ್ಯಾಪ್, ವೈರ್, ಕಾಯಿಲ್ ನೋಡು. ಮೊದಲು ಚೆನ್ನಾಗಿ ಏರಿ ಅರ್ಧದಲ್ಲಿ ಉಸಿರು ಕಟ್ಟಿದರೆ ಪೆಟ್ರೋಲ್ ಸಾಲುತ್ತಿಲ್ಲ: ಫಿಲ್ಟರ್, ಪಂಪು. ವಾಪಸ್ ಬರುವಾಗ ಗೇರಿನಲ್ಲೇ ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ನೀಲಿ ಹೊಗೆ ಎದ್ದರೆ ವಾಲ್ವ್ ಸೀಲ್ ಹೋಗಿದೆ.

• ಹೊಸ ಕಾಲದ ಗಾಡಿಗೆ ಸ್ಕ್ಯಾನರ್ ಇದೆ. ಪಿ 0300 ಅಂದರೆ ಎಲ್ಲೆಂದರಲ್ಲಿ ಮಿಸ್ಸಿಂಗ್, ಪಿ 0301 ಅಂದರೆ 1ನೆಯ ಸಿಲಿಂಡರಿನಲ್ಲಿ, 0302 ಅಂದರೆ 2ನೆಯದರಲ್ಲಿ. ಸ್ಕ್ಯಾನರ್ ಸಿಲಿಂಡರಿನ ನಂಬರ್ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಪ್ಲಗ್ಗೋ ಇಂಜೆಕ್ಟರೋ ವಾಲ್ವೋ ಎಂದು ತಿಳಿಯಲು ಮತ್ತೆ ಮೇಲಿನ ಅದಲುಬದಲೇ ಗತಿ. ಚೆಕ್ ಇಂಜಿನ್ ದೀಪ ಮಿನುಗಲು ಶುರುವಾದರೆ ವೇಗ ಇಳಿಸು, ಜಾಸ್ತಿ ದೂರ ಓಡಿಸಬೇಡ.

• ನಿನ್ನ ತಮ್ಮನ ಟಾಟಾ ಏಸ್‌ಗೆ ಇದನ್ನೆಲ್ಲ ಅನ್ವಯಿಸಬೇಡ. ಅದು ಎರಡು ಸಿಲಿಂಡರಿನ ಡೀಸೆಲ್, ಅದಕ್ಕೆ ಪ್ಲಗ್ಗಿನ ಕಿಡಿಯೇ ಇಲ್ಲ. ಅಲ್ಲಿ ನೋಡಬೇಕಾದ್ದು ನಾಜಲ್, ಡೀಸೆಲ್ ಲೈನಿನಲ್ಲಿ ಸೇರಿದ ಗಾಳಿ, ಫಿಲ್ಟರ್. ಸಂಕಗಿರಿಯಲ್ಲಿ ಹಳೆಯ ಲಾರಿಗಳಿಗೆ ನಾಜಲ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಎಂದು ಕಂಡುಹಿಡಿಯುತ್ತಿದ್ದೆವು. ಈಗಿನ ಕಾಮನ್ ರೈಲ್ ಗಾಡಿಗೆ ಆ ಬುದ್ಧಿ ಉಪಯೋಗಿಸಬೇಡ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

• ಇನ್ನು ದುಡ್ಡಿನ ಲೆಕ್ಕ. ಕಂಪ್ರೆಶನ್ ಮೂರರಲ್ಲೂ ಸಮ ಬಂದರೆ ಗಾಡಿ ಇಟ್ಟುಕೋ, ಮಿಕ್ಕಿದ್ದೆಲ್ಲ ಸಣ್ಣ ಖರ್ಚು. ವಾಲ್ವ್ ಸುಟ್ಟಿದ್ದರೆ ಹೆಡ್ ಇಳಿಸಿ ಮಾಡಿಸಬಹುದು, ಆದರೆ ಬಾಡಿ ತುಕ್ಕು ಹಿಡಿದಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆ. ರಿಂಗು, ಬೋರು ಎರಡೂ ಹೋಗಿದ್ದರೆ ಆರ್‌ಸಿ ಪುಸ್ತಕ ತೆರೆದು ನೋಡು. 20 ವರ್ಷ ದಾಟಿದ ಕಾರಿನ ರಿಜಿಸ್ಟ್ರೇಶನ್ ನವೀಕರಣಕ್ಕೆ 2025ರ ಆಗಸ್ಟ್‌ನಿಂದ 10,000 ರೂಪಾಯಿ ಶುಲ್ಕವಾಗಿದೆ. ಅದನ್ನೂ ಇಂಜಿನ್ ಕೆಲಸದ ಬಿಲ್ಲನ್ನೂ ಕೂಡಿಸಿ, ಇನ್ನೊಂದು ಒಳ್ಳೆಯ ಓಮ್ನಿಯ ಬೆಲೆಯ ಪಕ್ಕದಲ್ಲಿಡು. ಆ ಸ್ಥಿತಿಯ ಗಾಡಿಗೆ ನಾನು ದುಡ್ಡು ಹಾಕುವವನಲ್ಲ.

• ಕೊನೆಯದು. ಮಿಸ್ಸಿಂಗ್ ಹೊಡೆಯುವ ಗಾಡಿಯಲ್ಲಿ ಲೋಡ್ ತರುವಾಗ ಪೆಟ್ರೋಲ್ ಉಳಿಸೋಣವೆಂದು ತೊಪ್ಪೂರಿನಲ್ಲಿ ಇಂಜಿನ್ ಆಫ್ ಮಾಡಿ ಇಳಿಸಬೇಡ. ಇಂಜಿನ್ ನಿಂತರೆ ಬ್ರೇಕ್ ಬೂಸ್ಟರಿಗೆ ಎಳೆತ ಸಿಗುವುದಿಲ್ಲ, ಎರಡು ಮೂರು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಬಂದ ಲಾರಿಗಳ ಸುದ್ದಿ ನೀನೂ ಓದುತ್ತಲೇ ಇದ್ದೀಯ. ಸೆಕೆಂಡ್ ಗೇರಿನಲ್ಲಿ ಎಡಕ್ಕೆ ಹಿಡಿದು ನಿಧಾನವಾಗಿ ಇಳಿದು ಬಾ.